ಎಂಜಿನ್ ಬಾರದ ವಿಮಾನಗಳು

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ‘ಪುಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಮುಂಬಯಿಗೆ ಬಂದಿಳಿದರು. ಭಾರತದ ವಿಮಾನಯಾನದ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಚೀಲ ಅಲ್ಲಿಂದ ಮುಂದೆ ಹೋದ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಮುಂಬಯಿಯಿಂದ ಅದನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದಿದ್ದ ಈ ಪೈಲಟ್ಟೇ ಅಂಚೆ ವಿಮಾನದ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು. ಅವರು ನಡುದಾರಿಯಲ್ಲಿ ಇಳಿದದ್ದು ಬಳ್ಳಾರಿಯಲ್ಲಿ.

ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಪೇಟೆ. ಹೊಸಪೇಟೆಯಿಂದ ಕೊಟ್ಟೂರಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮೀಟರ್ ಗೇಜ್ ರೈಲು ಬಂದಿತ್ತು. ಸಂಡೂರಿನ ಮ್ಯಾಂಗನೀಸ್ ಅದಿರು ರೈಲು ಹತ್ತಿ, ಹಡಗು ಹತ್ತಿ ಪರದೇಶದ ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ಆ ಉಕ್ಕು ಯಂತ್ರವಾಗಿ ಇತ್ತ ತಿರುಗಿ ಬರಬೇಕಾದರೆ ಎಷ್ಟು ಕೈ ದಾಟಬೇಕು ಎಂಬುದರಲ್ಲೇ ಮುಂದಿನ ಹಲವು ವಿಮಾನಗಳ ಹಣೆಬರಹ ಅಡಗಿತ್ತು.

ಬಳ್ಳಾರಿಯಲ್ಲಿ ಇಳಿದ ಈ ವಿನ್ಸೆಂಟ್, ಎರಡನೇ ಮಹಾಯುದ್ಧ ಶುರುವಾದ ಮೇಲೆ ಟಾಟಾ ಅವರೊಂದಿಗೆ ಸೇರಿ ಇನ್ನೂ ದೊಡ್ಡದೊಂದಕ್ಕೆ ಕೈ ಹಾಕಿದರು. ಪುಣೆಯಲ್ಲಿ ಕಾರ್ಖಾನೆ ಕಟ್ಟಿ ‘ಮಾಸ್ಕಿಟೊ’ ಯುದ್ಧವಿಮಾನ ತಯಾರಿಸುವುದು ಅವರ ಆಲೋಚನೆ. ಮಾಸ್ಕಿಟೊ ಮರದ ವಿಮಾನ. ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟಿಸಿದ ಒಡಲು. ಬಡಗಿಗಳಿಗೆ ಬರವಿಲ್ಲದ ದೇಶದಲ್ಲಿ ಮರದ ವಿಮಾನ ಕಟ್ಟುವುದು ಹುಚ್ಚು ಸಾಹಸವೇನಲ್ಲ. ಆದರೆ ಅದರ ರೆಕ್ಕೆಗಳ ಮೇಲೆ ಕೂರಬೇಕಾದ ಎರಡು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್‌ಗಳನ್ನು ಯಾವ ಬಡಗಿ ಕೆತ್ತಿ ಕೊಡಬೇಕು? ಅವು ಸಮುದ್ರ ದಾಟಿಯೇ ಬರಬೇಕಿತ್ತು. ಮಾತುಕತೆಗೆಂದು ಇಂಗ್ಲೆಂಡಿಗೆ ಹೋದ ವಿನ್ಸೆಂಟ್, 1942ರ ಜನವರಿಯಲ್ಲಿ ಬೇಗ ಊರು ಸೇರುವ ಆತುರದಲ್ಲಿ ವಾಯುಪಡೆಯ ವಿಮಾನವೊಂದನ್ನು ಹತ್ತಿದರು. ವಿಮಾನ ದಾರಿಯಲ್ಲಿ ಶತ್ರುಗಳಿಗೆ ಸಿಕ್ಕಿತು, ಅವರು ಮರಳಲಿಲ್ಲ. ಲಂಡನ್ನಿನಲ್ಲಿ ಯೋಜನೆಯೂ ಬದಲಾಯಿತು. ಯುದ್ಧವಿಮಾನದ ಬದಲು ಸೈನಿಕರನ್ನು ಹೊತ್ತೊಯ್ಯುವ, ಎಂಜಿನ್ನೇ ಇಲ್ಲದ ಗ್ಲೈಡರ್ ಮಾಡಿ ಎಂದರು. ಕಡೆಗೆ ಅದನ್ನೂ ರದ್ದು ಮಾಡಿದರು.

ಎರಡು ಎಂಜಿನ್ನಿನ ಯುದ್ಧವಿಮಾನ ಕೇಳಿದವರ ಕೈಗೆ ಎಂಜಿನ್ ಇಲ್ಲದ ಗ್ಲೈಡರ್ ಇಟ್ಟ ಈ ಪ್ರಸಂಗ ಒಂಟಿಯಲ್ಲ. ಯುದ್ಧಕಾಲದಲ್ಲಿ ಕಾಗದದ ಮೇಲೆಯೇ ಉಳಿದುಹೋದ ವಿಮಾನಗಳ ಪಟ್ಟಿಯನ್ನು ಬೆಂಗಳೂರಿನಿಂದ ಇಟಲಿಯವರೆಗೆ ಹರಡಿ ನೋಡಿದರೆ, ನಕ್ಷೆ ಕೆಟ್ಟದ್ದೆಂದು ಸತ್ತವು ಕಡಿಮೆ. ಎಂಜಿನ್ ಸಿಗದೆ ಸತ್ತವೇ ಹೆಚ್ಚು.

ಬೆಂಗಳೂರಿನ ಕಥೆ ಹೀಗಿದೆ. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಮೂರು ಕನಸುಗಳಿದ್ದವು: ಹಡಗು, ಮೋಟಾರು, ವಿಮಾನ. ಮೋಟಾರಿನ ವಿಷಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ 1930ರ ದಶಕದಲ್ಲಿ ಅವರ ಜೊತೆಗೂಡಿ ಓಡಾಡಿದ್ದರು. ಬೆಂಗಳೂರಿಗೆ ಬರಬೇಕಿದ್ದ ಆ ಕಾರ್ಖಾನೆ ಬರಲೇ ಇಲ್ಲ, ಕೊನೆಗೆ ಮುಂಬಯಿಯ ಪಾಲಾಯಿತು. ವಿಮಾನದ ಅದೃಷ್ಟ ಮಾತ್ರ ಮೈಸೂರಿನ ಕಡೆ ತಿರುಗಿತು. 1939ರಲ್ಲಿ ಪ್ರಯಾಣವೊಂದರಲ್ಲಿ ವಾಲ್‌ಚಂದ್ ಅವರಿಗೆ ಅಮೆರಿಕದ ವಿಲಿಯಂ ಪಾಲಿ ಪರಿಚಯವಾದರು. ಪಾಲಿ ಚೀನಾಕ್ಕೆ ಅಮೆರಿಕದ ವಿಮಾನಗಳನ್ನು ಮಾರುತ್ತಿದ್ದ ವ್ಯಾಪಾರಿ. ಬರ್ಮಾ ಗಡಿಯ ಲೋಯಿವಿಂಗ್‌ನಲ್ಲಿ ಚೀನೀಯರಿಗಾಗಿ ವಿಮಾನ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಜಾಗ ಕೊಡಲು, ಹಣ ಹೂಡಲು ಮುಂದೆ ಬಂತು. ಶಿವನಸಮುದ್ರದ ವಿದ್ಯುತ್ತಿತ್ತು, ಭದ್ರಾವತಿಯ ಕಬ್ಬಿಣವಿತ್ತು, ಟಾಟಾ ವಿಜ್ಞಾನ ಮಂದಿರವಿತ್ತು. 1940ರ ಡಿಸೆಂಬರ್ ಕೊನೆಯಲ್ಲಿ 4 ಕೋಟಿ ರೂಪಾಯಿ ಅಧಿಕೃತ ಬಂಡವಾಳದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಬಂಗಲೆಯಲ್ಲಿ ಕಚೇರಿ ತೆರೆಯಿತು. ಮರುವರ್ಷವೇ ಭಾರತ ಸರ್ಕಾರ ಮೂರನೇ ಒಂದು ಪಾಲಿನ ಷೇರು ಕೊಂಡು ಒಳಗೆ ಬಂತು.

ಮೊದಲು ‘ಹಾರ್ಲೋ’ ಎಂಬ ತರಬೇತಿ ವಿಮಾನವನ್ನು ಜೋಡಿಸಿ 1941ರ ಆಗಸ್ಟ್‌ನಲ್ಲಿ ಹಾರಿಸಿದರು. ನಿಜವಾದ ಗುರಿ ಬೇರೆಯದು. 1941ರ ಏಪ್ರಿಲ್‌ನಲ್ಲಿ ಸರ್ಕಾರ 48 ‘ಕರ್ಟಿಸ್ ಹಾಕ್ 75’ ಯುದ್ಧವಿಮಾನಗಳಿಗೆ ಬೇಡಿಕೆ ಕೊಟ್ಟಿತ್ತು. ಜೊತೆಗೆ ವಲ್ಟೀ ಬಾಂಬರ್‌ಗಳನ್ನು ಕಟ್ಟುವ ಯೋಜನೆಯೂ ಇತ್ತು. 48 ಹಾಕ್‌ಗಳಲ್ಲಿ ಬೆಂಗಳೂರಿನಲ್ಲಿ ಪೂರ್ತಿಯಾದವು ಐದೇ. ಮೊದಲನೆಯದು ಹಾರಿದ್ದು 1942ರ ಜುಲೈ 31ರಂದು. ಉಳಿದ 43 ಹುಟ್ಟಲೇ ಇಲ್ಲ.

ಆ ಹಾಕ್ ಹೇಗಿತ್ತೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೈಯೆಲ್ಲ ತಗಡು. ಒಳಗಿನ ಚೌಕಟ್ಟಿಗೆ ತಗಡು ಕೂರಿಸಿ ಸಾಲುಸಾಲಾಗಿ ರಿವೆಟ್ ಹೊಡೆಯಬೇಕು. ಒಬ್ಬ ಹೊರಗಿನಿಂದ ಹೊಡೆದರೆ ಇನ್ನೊಬ್ಬ ಒಳಗೆ ಕಬ್ಬಿಣದ ತುಂಡನ್ನು ಒತ್ತಿ ಹಿಡಿದಿರಬೇಕು. ರೆಕ್ಕೆಯ ಕೆಳಗಿನ ಚಕ್ರಗಳು ಹಿಂದಕ್ಕೆ ಮಡಚಿಕೊಳ್ಳುತ್ತಲೇ ತೊಂಬತ್ತು ಡಿಗ್ರಿ ತಿರುಗಿ ರೆಕ್ಕೆಯೊಳಗೆ ಅಂಗಾತ ಮಲಗುತ್ತವೆ. ಆ ಕೀಲು ಒಂದು ಕೂದಲೆಳೆ ಆಚೀಚೆಯಾದರೂ ಚಕ್ರ ಸಿಕ್ಕಿಕೊಳ್ಳುತ್ತದೆ. ಇಂಥ ಕೆಲಸವನ್ನು ಬೆಂಗಳೂರಿನ ಫಿಟ್ಟರ್‌ಗಳು, ಟರ್ನರ್‌ಗಳು ಕಲಿತರು, ಕಲಿತು ಮಾಡಿಯೂ ತೋರಿಸಿದರು. ಆದರೆ ಮೂಗಿನಲ್ಲಿ ಕೂರುವ ರೈಟ್ ಸೈಕ್ಲೋನ್ ಎಂಜಿನ್ನಿನ ಕಥೆ ಬೇರೆ. ವೃತ್ತಾಕಾರವಾಗಿ ಜೋಡಿಸಿದ ಒಂಬತ್ತು ಸಿಲಿಂಡರ್, ಸುಮಾರು 1,200 ಅಶ್ವಶಕ್ತಿ. ಅದರ ಹೊಗೆ ಹೊರಬಿಡುವ ಕವಾಟದ ದಂಡ ಟೊಳ್ಳು. ಆ ಟೊಳ್ಳಿನೊಳಗೆ ಸೋಡಿಯಂ ಲೋಹ ತುಂಬಿರುತ್ತದೆ. ಕಾದಾಗ ಅದು ಕರಗಿ ಒಳಗೇ ಕುಲುಕಾಡುತ್ತ ಕವಾಟದ ತಲೆಯ ಬಿಸಿಯನ್ನು ಬುಡಕ್ಕೆ ಸಾಗಿಸುತ್ತದೆ. ಇಂಥದ್ದೊಂದು ಕವಾಟ ಮಾಡಲು ಬೇಕಾದ ಮಿಶ್ರ ಉಕ್ಕು, ಕುಲುಮೆ, ಅಳತೆಯ ಉಪಕರಣಗಳು 1941ರ ಭಾರತದಲ್ಲಿರಲಿಲ್ಲ. ಅಷ್ಟೇಕೆ, ಮೈಯ ತಗಡಿಗೆ ಬೇಕಾದ ಅಲ್ಯುಮಿನಿಯಂ ಕೂಡ ಈ ದೇಶದಲ್ಲಿ ಎರಕವಾಗತೊಡಗಿದ್ದು 1943ರಲ್ಲಿ, ಕೇರಳದ ಆಲುವಾದ ಬಳಿ.

ಯೋಜನೆ ನಿಂತದ್ದು ಎಂಜಿನ್ನಿನ ಕಾರಣಕ್ಕೊಂದೇ ಎಂದರೆ ಅರ್ಧಸತ್ಯ. 1942ರ ಏಪ್ರಿಲ್ 2ರಂದು ಸರ್ಕಾರ ವಾಲ್‌ಚಂದ್ ಮತ್ತು ಜೊತೆಗಾರರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಷೇರು ಬಿಡಲಿಲ್ಲ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಏಪ್ರಿಲ್ 5ರಂದು ಜಪಾನೀಯರು ಕೊಲಂಬೊ ಮೇಲೆ ಬಾಂಬು ಹಾಕಿದರು. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಸರದಿ. ಹೊಸ ವಿಮಾನವೊಂದು ಮುಗಿಯುವವರೆಗೆ ಕಾಯುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬರ್ಮಾ ಯುದ್ಧದಲ್ಲಿ ಜಖಂಗೊಂಡು ಬರುತ್ತಿದ್ದ ವಿಮಾನಗಳನ್ನು ಸರಿಪಡಿಸಿ ಹಾರಿಸುವುದೇ ತುರ್ತಾಗಿತ್ತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಮೊದಲು ದುರಸ್ತಿಗೆ ಬಂದದ್ದು ‘ಕ್ಯಾಟಲಿನಾ’ ಎಂಬ ಕಡಲ ವಿಮಾನ.

ಇದನ್ನು ಬ್ರಿಟಿಷರ ಕುತಂತ್ರವೆಂದು ಒಂದೇ ಮಾತಿನಲ್ಲಿ ಬರೆದು ಮುಗಿಸುವ ವಾಡಿಕೆ ನಮ್ಮಲ್ಲಿದೆ. ಯುದ್ಧದ ಲೆಕ್ಕದಲ್ಲಿ ನೋಡಿದರೆ ಆ ತೀರ್ಮಾನ ಸರಿಯೇ ಇತ್ತು. ವಾಯುಪಡೆ ‘ಮೊಹಾಕ್’ ಎಂದು ಕರೆದ ಹಾಕ್ 75, 1942ಕ್ಕಾಗಲೇ ವಯಸ್ಸು ಮೀರಿದ ವಿಮಾನ. ಬರ್ಮಾ ಗಡಿಯಲ್ಲಿ ಎರಡು ಸ್ಕ್ವಾಡ್ರನ್‌ಗಳು ಅದನ್ನಿಟ್ಟುಕೊಂಡು ಕಾದಾಡಿದವೆಂಬುದು ಬೇರೆ ಯಾವುದೂ ಕೈಯಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿ. ನಷ್ಟವಾದದ್ದು ಬೇರೆ ಕಡೆ. 48 ವಿಮಾನಗಳನ್ನು ಕಟ್ಟಿ ಮುಗಿಸಿದ ಕಾರ್ಖಾನೆ ನಲವತ್ತೊಂಬತ್ತನೆಯದನ್ನು ತಾನೇ ತಿದ್ದಿ ಬರೆಯುತ್ತದೆ, ಆಮೇಲೆ ಎಂಜಿನ್ನಿಗೂ ಕೈ ಹಚ್ಚುತ್ತದೆ. ಆ ಹಾದಿ ಮೊದಲ ಮೆಟ್ಟಿಲಲ್ಲೇ ಮುಚ್ಚಿತು. ವಾಲ್‌ಚಂದ್ ಅವರಿಗೆ ಆದದ್ದು ಅನ್ಯಾಯವೇ ಎಂಬ ಪ್ರಶ್ನೆಗಿಂತ ಇದು ದೊಡ್ಡದು.

ಇನ್ನು ಇಟಲಿ. ಬೆಂಗಳೂರಿನ ಪೂರ್ವಕ್ಕೆ ಹಾಕ್‌ಗಳ ಜೋಡಣೆ ನಡೆಯುತ್ತಿದ್ದ ಕಾಲಕ್ಕೆ ಊರಿನ ಉತ್ತರಕ್ಕೆ, ಜಾಲಹಳ್ಳಿಯ ಕಡೆ, ಆಫ್ರಿಕಾದ ರಣರಂಗಗಳಲ್ಲಿ ಸೆರೆ ಸಿಕ್ಕ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಅವರ ದೇಶದಲ್ಲಿ ವಿಮಾನದ ನಕ್ಷೆಗಳಿಗೇನೂ ಕೊರತೆಯಿರಲಿಲ್ಲ. ಮಾಕ್ಕಿ ಕಂಪನಿಯ ಮಾರಿಯೊ ಕಾಸ್ತೋಲ್ದಿ, ಫಿಯಟ್‌ನ ಜುಸೆಪ್ಪೆ ಗಾಬ್ರಿಯೆಲ್ಲಿ, ರೆಜ್ಜಾನೆಯ ರೊಬೆರ್ತೊ ಲಾಂಗಿ, ಒಬ್ಬರಿಗಿಂತ ಒಬ್ಬರು ಘಟಾನುಘಟಿಗಳು. ಕಾಸ್ತೋಲ್ದಿಯ ಕಡಲ ವಿಮಾನ 1934ರಲ್ಲೇ ವೇಗದ ವಿಶ್ವದಾಖಲೆ ಬರೆದಿತ್ತು. ಆದರೆ ಯುದ್ಧ ಬಂದಾಗ ಉದ್ದಮೂಗಿನ, ನೀರಿನಿಂದ ತಣಿಯುವ, ಸಾವಿರ ಅಶ್ವಶಕ್ತಿ ಮೀರಿದ ಎಂಜಿನ್ ಸ್ವದೇಶದಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಆಗುತ್ತಿರಲಿಲ್ಲ. ಜರ್ಮನಿಯ ಡೈಮ್ಲರ್ ಬೆಂಜ್ ಎಂಜಿನ್‌ಗಳನ್ನು ಆಲ್ಫಾ ರೋಮಿಯೊ ಮತ್ತು ಫಿಯಟ್ ಪರವಾನಗಿ ಪಡೆದು ಮಾಡಬೇಕಾಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆ ಇವರಿಗೆಂದೇ ಹುಟ್ಟಿದಂತಿದೆ.

ಎಂಜಿನ್ ಸಿಕ್ಕಾಗ ಅವರು ಕಟ್ಟಿದ ವಿಮಾನಗಳು ಚೊಕ್ಕವಾಗಿದ್ದವು. ಫಿಯಟ್ ಜಿ.55 ಅನ್ನು ಜರ್ಮನರೇ ಪರೀಕ್ಷಿಸಿ ತಲೆದೂಗಿದರು. ತೊಡಕಿದ್ದದ್ದು ಕೂಲಿಯ ಲೆಕ್ಕದಲ್ಲಿ. ಒಂದು ಜಿ.55 ಕಟ್ಟಲು ಸುಮಾರು 15,000 ಆಳು-ಗಂಟೆ ಬೇಕಿತ್ತು. ಜರ್ಮನರು ತಮ್ಮ ಮೆಸರ್‌ಸ್ಮಿಟ್ ಅನ್ನು 5,000ದ ಆಸುಪಾಸಿನಲ್ಲಿ ಮುಗಿಸುತ್ತಿದ್ದರು. ಅದೇ ಎಂಜಿನ್ನಿನ ರೆಜ್ಜಾನೆ 2005, ನೋಡಲು ಎಲ್ಲಕ್ಕಿಂತ ಚೆಂದದ್ದು, ಐವತ್ತರ ಗಡಿ ದಾಟಲಿಲ್ಲ. ಇವುಗಳ ಹಿಂದೆ ಕಾಗದದ ಮೇಲೆಯೇ ಉಳಿದ ಸಾಲು ಉದ್ದವಾಗಿದೆ. ರೆಜ್ಜಾನೆ 2004 ಇಸೊತ್ತಾ ಫ್ರಾಸ್ಕಿನಿ ಕಂಪನಿಯ ಇಪ್ಪತ್ನಾಲ್ಕು ಸಿಲಿಂಡರಿನ ‘ಝೀಟಾ’ ಎಂಜಿನ್ನನ್ನು ನಂಬಿ ಕೂತಿತು. ಎಂಜಿನ್ ಪಳಗಲಿಲ್ಲ, ವಿಮಾನ ಹುಟ್ಟಲಿಲ್ಲ.

ಈ ಸಾಲಿನಲ್ಲಿ ಎಲ್ಲಕ್ಕಿಂತ ವಿಚಿತ್ರ ‘ಕಪ್ರೋನಿ 183 ಬಿಸ್’. ಅತಿ ಎತ್ತರದಲ್ಲಿ ಬರುವ ಬಾಂಬರ್‌ಗಳನ್ನು ಅಡ್ಡಗಟ್ಟಲು ಯೋಚಿಸಿದ ವಿಮಾನ. ಮೂಗಿನಲ್ಲಿ ಡೈಮ್ಲರ್ ಬೆಂಜ್ ಎಂಜಿನ್, ಅದಕ್ಕೆ ಒಂದರ ಹಿಂದೊಂದು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪ್ರೊಪೆಲ್ಲರ್. ಪೈಲಟ್ಟಿನ ಬೆನ್ನ ಹಿಂದೆ ಇನ್ನೊಂದು ಫಿಯಟ್ ಎಂಜಿನ್. ಈ ಎರಡನೆಯದು ಪ್ರೊಪೆಲ್ಲರ್ ತಿರುಗಿಸುವುದಿಲ್ಲ. ಒಡಲೊಳಗಿನ ಸಂಕೋಚಕವನ್ನು ತಿರುಗಿಸಿ, ಒತ್ತಿದ ಗಾಳಿಯಲ್ಲಿ ಇಂಧನ ಉರಿಸಿ ಬಾಲದ ಕೊಳವೆಯಿಂದ ಹೊರಗೆ ಚಿಮ್ಮಿಸುತ್ತದೆ. ಸೆಕೊಂಡೊ ಕಂಪೀನಿ ಎಂಬ ಎಂಜಿನಿಯರನ ಈ ಉಪಾಯವನ್ನು ಹೊತ್ತ ಇನ್ನೊಂದು ವಿಮಾನ 1940ರ ಆಗಸ್ಟ್‌ನಲ್ಲೇ ಹಾರಿ, ಮರುವರ್ಷ ಮಿಲಾನಿನಿಂದ ರೋಮಿಗೂ ಹೋಗಿ ಲೋಕಪ್ರಸಿದ್ಧವಾಗಿತ್ತು. ಅದರ ವೇಗ ಮಾತ್ರ ಪ್ರೊಪೆಲ್ಲರಿನ ಯುದ್ಧವಿಮಾನಗಳಿಗಿಂತ ಕಡಿಮೆ. 183 ಬಿಸ್ ಗಂಟೆಗೆ ಸುಮಾರು 740 ಕಿ.ಮೀ. ಮುಟ್ಟೀತೆಂದು ಅಂದಾಜು ಹಾಕಿದ್ದರು. ಒಂದು ಎಂಜಿನ್ನಿಗೇ ತತ್ವಾರವಿದ್ದ ದೇಶದಲ್ಲಿ ಒಂದು ವಿಮಾನಕ್ಕೆ ಎರಡು ಎಂಜಿನ್ ಬೇಡುವ ನಕ್ಷೆ ಇದು. ಜಾಣತನಕ್ಕೆ ಪೂರ್ತಿ ಅಂಕ ಕೊಡಬಹುದು, ವಿವೇಕಕ್ಕೆ ಕೊಡುವುದು ಕಷ್ಟ. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಘೋಷಣೆಯಾಯಿತು. 1944ರ ಜನವರಿಯಲ್ಲಿ ರೆಜ್ಜಾನೆ ಕಾರ್ಖಾನೆಯ ಮೇಲೆ ಬಾಂಬುಗಳು ಬಿದ್ದವು. ಅಲ್ಲಿಗೆ ಇಟಲಿಯ ಯುದ್ಧಕಾಲದ ನಕ್ಷೆಗಳಿಗೆ ತೆರೆ ಬಿತ್ತು.

ನಕ್ಷೆಗಾರರು ಸುಮ್ಮನೆ ಕೂರಲಿಲ್ಲ. ಕಪ್ರೋನಿಯಲ್ಲಿದ್ದ ಚೆಸಾರೆ ಪಲ್ಲವಿಚೀನೊ ಅರ್ಜೆಂಟೀನಾಕ್ಕೆ ಹೋದರು. ಜರ್ಮನಿಯ ಕುರ್ಟ್ ಟ್ಯಾಂಕ್ ಕೂಡ ಅಲ್ಲಿಗೇ ಹೋದರು. ಟ್ಯಾಂಕ್ ಬಳಿಯೂ ಯುದ್ಧದ ಕೊನೆಯಲ್ಲಿ ಕಟ್ಟಲಾಗದೆ ಉಳಿದ ‘ಟಿಎ 183’ ಎಂಬ ಜೆಟ್ ನಕ್ಷೆ ಇತ್ತು. ಅದರ ಎಳೆ ಹಿಡಿದು ಅರ್ಜೆಂಟೀನಾದಲ್ಲಿ ‘ಪುಲ್ಕಿ-2’ ಹಾರಿಸಿದರು. 1956ರಲ್ಲಿ ಅವರು ಬೆಂಗಳೂರಿಗೆ ಬಂದರು.

ಅಷ್ಟರಲ್ಲಿ ಇಲ್ಲಿ ಏನೇನಾಗಿತ್ತು? ಯುದ್ಧ ಮುಗಿದು ಅಮೆರಿಕನ್ನರು ಹೋದ ಮೇಲೆ ಬೆಂಗಳೂರಿನ ಕಾರ್ಖಾನೆ ರೈಲು ಬೋಗಿ ಮಾಡಿ ಹೊಟ್ಟೆ ಹೊರೆಯಿತು. ಗಡಿಭಾಗದ ಹಸೂರಿನಲ್ಲಿ ಹುಟ್ಟಿ, ಗಟ್ಟಿಂಗನ್‌ನಲ್ಲಿ ವಾಯುಚಲನಶಾಸ್ತ್ರಜ್ಞ ಪ್ರಾಂಟ್ಲ್ ಅವರ ಬಳಿ ಓದಿ ಬಂದಿದ್ದ ವಿ.ಎಂ. ಘಾಟಗೆ ಯುದ್ಧಕಾಲದಲ್ಲೇ ಹತ್ತು ಜನ ಕೂರುವ ಗ್ಲೈಡರ್ ವಿನ್ಯಾಸ ಮಾಡಿದ್ದರು. ಅದಕ್ಕೂ ಎಂಜಿನ್ ಇಲ್ಲ! ಅವರದೇ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಒಡಲು ನಮ್ಮದು, ಎಂಜಿನ್ ಬ್ರಿಟನ್ನಿನದು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗ ಈ ಭಾಗದ ಜನಕ್ಕೂ ವಿಮಾನ ಕಾರ್ಖಾನೆ ‘ನಮ್ಮ ರಾಜ್ಯದ್ದು’ ಆಯಿತು.

ಟ್ಯಾಂಕ್ ಮತ್ತು ಘಾಟಗೆಯವರ ತಂಡ ಕಟ್ಟಿದ ಎಚ್‌ಎಫ್-24 ‘ಮಾರುತ’ ಕಟ್ಟದೆ ಉಳಿದ ವಿಮಾನವಲ್ಲ. 147 ತಯಾರಾದವು, 1971ರ ಯುದ್ಧದಲ್ಲಿ ಕಾದಾಡಿದವು. ಆದರೆ ಯೋಚಿಸಿದ ಮಾರುತ ಬೇರೆ, ಹಾರಿದ ಮಾರುತ ಬೇರೆ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಬರೆದ ಒಡಲು ಅದು. 1959ರಲ್ಲಿ ಮೊದಲು ಅದರ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಹಾರಿಸಿದಾಗ ಒಳಗಿದ್ದದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 703. ಬೇಕಿದ್ದದ್ದು ಅದರ ಹೆಚ್ಚು ಶಕ್ತಿಯ ತಮ್ಮ, ಆರ್ಫಿಯಸ್ 12. ಬೇರೆ ಗಿರಾಕಿಗಳು ಹಿಂದೆ ಸರಿದ ಮೇಲೆ, ಅದರ ಉಳಿದ ಅಭಿವೃದ್ಧಿಯ ಖರ್ಚನ್ನು ನೀವು ಕೊಡಿ ಎಂದು ಬ್ರಿಟನ್ ಕೇಳಿತು. ದೆಹಲಿ ಒಪ್ಪಲಿಲ್ಲ. ಕೋಟಿಗಟ್ಟಲೆ ಖರ್ಚಾಗುತ್ತಿದ್ದ ಯೋಜನೆಗೆ ಆ ಹಣ ಕೊಡದೆ ಹೋದದ್ದು ಭಾರತದ ವಿಮಾನ ಚರಿತ್ರೆಯ ಅತಿ ದುಬಾರಿ ಉಳಿತಾಯ ಎಂದರೆ ತಪ್ಪಾಗಲಾರದು.

ಇಟಲಿಯ ಗಾಬ್ರಿಯೆಲ್ಲಿ ಇಲ್ಲಿ ಮತ್ತೆ ಬರುತ್ತಾರೆ. ಯುದ್ಧಾನಂತರ ಅವರು ಫಿಯಟ್‌ಗಾಗಿ ಮಾಡಿದ ಜಿ.91 ಜೆಟ್ 1956ರಲ್ಲಿ ಹಾರಿತು. ಅದರ ಎಂಜಿನ್ನೂ ಆರ್ಫಿಯಸ್ಸೇ. ಗಾಬ್ರಿಯೆಲ್ಲಿ ಎಂಜಿನ್ನಿನ ಅಳತೆಗೆ ತಕ್ಕಂತೆ ಸಣ್ಣ, ಹಗುರ ವಿಮಾನ ಬರೆದು ಗೆದ್ದರು. ಬೆಂಗಳೂರಿನವರು ಬರಲಿರುವ ಎಂಜಿನ್ನಿನ ಅಳತೆಗೆ ಬರೆದು ಕಾದರು. ಮಾರುತಕ್ಕಾಗಿ ಮುಂದೆ ಈಜಿಪ್ಟಿನ ಇ-300 ಎಂಜಿನ್ನನ್ನೂ ನಂಬಿದ್ದಾಯಿತು. 1967ರಲ್ಲಿ ಅಲ್ಲಿ ಅದನ್ನು ಒಂದು ಮಾರುತಕ್ಕೇ ಕೂರಿಸಿ ಹಾರಿಸಿದರು. ಯೋಜನೆ 1969ರಲ್ಲಿ ನಿಂತಿತು. ಇದ್ದ ಆರ್ಫಿಯಸ್ಸಿಗೇ, ಹೊರಬೀಳುವ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಜೋಡಿಸುವ ಪ್ರಯೋಗದಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಬೆಂಗಳೂರಿನಲ್ಲಿ ಹಳೆ ಮದ್ರಾಸು ರಸ್ತೆಗೆ ಕೂಡುವ ದೊಡ್ಡ ದಾರಿಗೆ ಅವರ ಹೆಸರಿದೆ. ದಿನವೂ ಅಲ್ಲಿ ಸಿಗ್ನಲ್ಲಿಗೆ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತೋ. ಮಾರುತದ ಮುಂದಿನ ತಲೆಮಾರಿನದೆಂದು ಯೋಚಿಸಿದ ಎಚ್‌ಎಫ್-73 ಕಾಗದ ಬಿಟ್ಟು ಮೇಲೇಳಲಿಲ್ಲ.

1989ರಲ್ಲಿ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಲ್ಲಿ ‘ಕಾವೇರಿ’ ಎಂಜಿನ್ನಿನ ಕೆಲಸಕ್ಕೆ ಮಂಜೂರಾತಿ ಸಿಕ್ಕಿದ್ದು ಈ ಎಲ್ಲ ಪೆಟ್ಟುಗಳ ನೆನಪಿನಲ್ಲೇ. ಅದನ್ನು ಕೂರಿಸಬೇಕಿದ್ದ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಅಮೆರಿಕದ ಜಿಇ ಎಂಜಿನ್ನಿನಿಂದ ಹಾರಿತು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಅಧಿಕೃತವಾಗಿ ಬೇರ್ಪಡಿಸಿದರು. 2021ರಲ್ಲಿ 83 ಹೊಸ ತೇಜಸ್‌ಗಳಿಗೆ ಬೇಡಿಕೆ ಬಂತು. ಹಳೆಯ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಈಗಿನ ಎಚ್‌ಎಎಲ್‌ನ ಶೆಡ್ಡುಗಳಲ್ಲಿ ಒಡಲುಗಳು ಸಿದ್ಧವಾಗಿ ನಿಂತು, ಅಮೆರಿಕದಿಂದ ಎಂಜಿನ್ ಬರಲೆಂದು ಕಾದವು. ಆ ವಿಮಾನಗಳಿಗೆಂದು ಮಾಡಿಕೊಂಡ ಎಂಜಿನ್ ಒಪ್ಪಂದದಲ್ಲಿ ಮೊದಲನೆಯದು ಕೈ ಸೇರಿದ್ದು 2025ರಲ್ಲಿ.

ಕೂಡ್ಲಿಗಿ, ಕೊಟ್ಟೂರಿನ ಕಡೆಯವರಿಗೆ ಈಗ ಇದು ದೂರದ ಬೆಂಗಳೂರಿನ ಸುದ್ದಿಯಲ್ಲ. ಕೂಡ್ಲಿಗಿಯಿಂದ ಮೊಳಕಾಲ್ಮೂರು ದಾಟಿದರೆ ಚಳ್ಳಕೆರೆ ಸೀಮೆ. ಅಲ್ಲಿನ ಅಮೃತ್ ಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ 4,290 ಎಕರೆ ಪಡೆದು ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ನೆಲೆ ಕಟ್ಟಿದೆ. 2017ರ ಮೇ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು. ದನ, ಕುರಿ ಮೇಯಿಸಿಕೊಂಡು, ಕಂಬಳಿ ನೇಯ್ದುಕೊಂಡು ಬದುಕಿದ್ದ ಸುತ್ತಲ ಹಳ್ಳಿಗಳವರು ಹುಲ್ಲುಗಾವಲು ಹೋಯಿತೆಂದು ಬೀದಿಗಿಳಿದರು. ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ‘ರುಸ್ತುಂ-2’ ಎಂಬ ಪೈಲಟ್ ಇಲ್ಲದ ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಜಮೀನಿಗೆ ಬಿದ್ದಾಗ ಊರಿಗೆ ಊರೇ ನೋಡಲು ನೆರೆದಿತ್ತು. 2023ರ ಆಗಸ್ಟ್‌ನಲ್ಲಿ ಅದೇ ಬಗೆಯ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲದಲ್ಲಿ ಬಿತ್ತು.

ಈ ನೆಲೆಯಿಂದ 2022ರ ಜುಲೈ 1ರಂದು ಬಾಲವಿಲ್ಲದ, ಬರೀ ರೆಕ್ಕೆಯ ಆಕಾರದ ‘ಸ್ವಿಫ್ಟ್’ ಎಂಬ ಮಾದರಿ ವಿಮಾನ ತಾನಾಗಿಯೇ ಮೇಲೆದ್ದು ತಾನಾಗಿಯೇ ಇಳಿಯಿತು. ‘ಘಾತಕ್’ ಎಂಬ, ಪೈಲಟ್ ಇಲ್ಲದ ಯುದ್ಧವಿಮಾನಕ್ಕೆ ಇದು ಪೂರ್ವತಯಾರಿ. ಪೂರ್ಣ ಗಾತ್ರದ ಘಾತಕ್ ಇನ್ನೂ ಹಾರಿಲ್ಲ. ಸ್ವಿಫ್ಟ್‌ನ ಹೊಟ್ಟೆಯಲ್ಲಿದ್ದದ್ದು ರಷ್ಯಾದ ಪುಟ್ಟ ಟರ್ಬೋಫ್ಯಾನ್. ಘಾತಕ್‌ಗೆ ಹಾಕಬೇಕೆಂದಿರುವುದು ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನೇ. ಆ ಕಾವೇರಿಯನ್ನು ಆಕಾಶದಲ್ಲಿ ಪರೀಕ್ಷಿಸುವಂಥ ಹಾರುವ ಪ್ರಯೋಗಶಾಲೆ ನಮ್ಮಲ್ಲಿಲ್ಲದೆ, ಅದನ್ನು ರಷ್ಯಾಕ್ಕೆ ಕಳಿಸಿ ಅಲ್ಲಿನ ಇಲ್ಯೂಶಿನ್-76ರ ರೆಕ್ಕೆಗೆ ಕಟ್ಟಿ ಹಾರಿಸಬೇಕಾಯಿತು.